ಹಾಲೆಂಡಿನ ಕೆಸರು, ದಂಡಿಗನಹಳ್ಳಿಯ ಗೋಡು

ಹಾಲೆಂಡಿಗೆ ಹೋಗಿ ಬಂದವರ ಮನೆಗೆ ಹೋದರೆ ಹೂವಿನ ಬಯಲು, ಗಾಳಿಗಿರಣಿ, ಮರದ ಚಪ್ಪಲಿ ಇವುಗಳ ಫೋಟೋ ತೋರಿಸದೆ ಕಾಫಿ ಕೊಡುವುದಿಲ್ಲ. ನಾನು ಹೋಗಿದ್ದು ಹೂವಿನ ಕಾಲದಲ್ಲಲ್ಲ. ನನ್ನ ಆಲ್ಬಮ್ಮಿನಲ್ಲಿ ಮೊದಲ ಪುಟಕ್ಕೆ ಅಂಟಿಸಿರುವ ಫೋಟೋದಲ್ಲಿ ತಲೆಯಿಂದ ಕಾಲಿನವರೆಗೆ ಕರೀ ಕೆಸರು ಮೆತ್ತಿಕೊಂಡ ಹೆಂಗಸೊಬ್ಬಳು ಹಲ್ಲು ಬಿಟ್ಟುಕೊಂಡು ನಿಂತಿದ್ದಾಳೆ. ನೋಡಿದವರು ಯಾರಿದು ಎನ್ನುತ್ತಾರೆ. ಅದು ನಾನೇ. ನನ್ನ ವಿದೇಶ ಪ್ರವಾಸದ ಅತ್ಯಂತ ಸಂತೋಷದ ಗಳಿಗೆ ಅದು.

ಹಾಸನ, ಚನ್ನರಾಯಪಟ್ಟಣ

ತೊಂಬತ್ತರ ದಶಕದ ಕೊನೆ. ಹಾಸನದಲ್ಲಿ ಕಾಡು, ಕೆರೆ, ಹೊಲಗಳ ನಕ್ಷೆ ಮಾಡುವ ಕಚೇರಿಯೊಂದರಲ್ಲಿ ನನಗೆ ಕೆಲಸ. ಉಪಗ್ರಹ ಮೇಲಿನಿಂದ ತೆಗೆದ ಚಿತ್ರವನ್ನು ಕಂಪ್ಯೂಟರಿಗೆ ಹಾಕಿಕೊಂಡು ಇದು ಕಾಡು, ಇದು ನೀರು, ಇದು ಬೀಳು ಎಂದು ಬಣ್ಣ ಹಚ್ಚುವುದು. ದಂಡಿಗನಹಳ್ಳಿಯಲ್ಲಿ ಯಾರಾದರೂ ಮಗಳು ಏನು ಮಾಡುತ್ತಾಳೆ ಎಂದು ಅಪ್ಪನನ್ನು ಕೇಳಿದರೆ, “ಆಕಾಸದಿಂದ ಜಮೀನ್ ನೋಡ್ತಾಳೆ” ಎನ್ನುತ್ತಿದ್ದ. ಕೇಳಿದವರು ತಮ್ಮ ತಮ್ಮ ಒತ್ತುವರಿ ನೆನಪಾಗಿ ಮಾತು ಬದಲಿಸುತ್ತಿದ್ದರು.

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಆಚೆಗೆ ಒಂದು ಗುಡ್ಡಸಾಲು. ಪ್ರತಿ ಬೇಸಿಗೆಯಲ್ಲೂ ಅದಕ್ಕೆ ಬೆಂಕಿ ಬೀಳುತ್ತಿತ್ತು. ನಾನು ಒಮ್ಮೆ ಹೋಗಿ ನೋಡಿದ್ದೆ. ಕಾವಲಿನವರು ಹಸಿ ಸೊಪ್ಪಿನ ಕೊಂಬೆ ಹಿಡಿದು ಒಂದು ಕಡೆ ಬಡಿದು ಆರಿಸುವಷ್ಟರಲ್ಲಿ ಇನ್ನೊಂದು ಕಡೆ ಹೊತ್ತಿಕೊಳ್ಳುತ್ತಿತ್ತು. ಬೂದಿಯ ಮೇಲೆ ನಡೆದಾಗ ಚಪ್ಪಲಿಯ ತಳ ಮೆತ್ತಗಾಯಿತು. ಗೂಡು ಬಿಟ್ಟ ಹಕ್ಕಿಗಳು ಹೊಗೆಯ ಮೇಲೆ ಸುತ್ತುತ್ತಿದ್ದವು. ಹಿರಿಯ ಅಧಿಕಾರಿಯ ಹತ್ತಿರ ಹೋಗಿ ಕಾವಲು ಹೆಚ್ಚಿಸಿ ಎಂದು ಕೇಳಿದೆ.

“ಅಂದಾಜಿನ ಮೇಲೆ ಆಳು ಹಾಕಕ್ಕಾಗಲ್ಲ ಮೇಡಮ್. ಎಲ್ಲೆಲ್ಲಿ ಸುಡುತ್ತೆ ಅಂತ ನಂಬೋ ಹಾಗೆ ಒಂದು ನಕ್ಷೆ ತನ್ನಿ. ಬೇಸಿಗೆ ಪೂರ್ತಿ ಕಾವಲು ನಾನು ಕೊಡ್ತೀನಿ,” ಎಂದರು.

ಆ ಮಾತು ಹಿಡಿದುಕೊಂಡೇ ನಾನು ಹಾಲೆಂಡಿನ ತರಬೇತಿಗೆ ಅರ್ಜಿ ಹಾಕಿದ್ದು. ಬೆಂಕಿ ಬಿದ್ದ ನೆಲವನ್ನು ಉಪಗ್ರಹದ ಚಿತ್ರದಲ್ಲಿ ಗುರುತಿಸುವುದನ್ನು ಅಲ್ಲಿ ಕಲಿಸುತ್ತಿದ್ದರು. ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ನಕ್ಷೆ ಮಾಡಿ ಎಲ್ಲರೆದುರು ನಿಂತು ಒಪ್ಪಿಸಬೇಕು. ಒಪ್ಪಿಗೆಯಾದ ನಕ್ಷೆ ಮೊಹರು ಹಾಕಿಸಿಕೊಂಡು ನಮ್ಮ ಕಚೇರಿಗೆ ಬರುತ್ತದೆ. ಗುಡ್ಡಕ್ಕೆ ಕಾವಲು ಸಿಗುವುದೂ ಬಿಡುವುದೂ ಆ ನಕ್ಷೆಯ ಮೇಲೆ ನಿಂತಿತ್ತು.

ಹೊರಡುವ ದಿನ ಅಪ್ಪ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿಗೆ ಡಬ್ಬಿ ಹಿಡಿದು ಬಂದ. ಒಳಗೆ ಅವ್ವ ಮಾಡಿದ ರಾಗಿ ಹುರಿಹಿಟ್ಟು.

“ಅಲ್ಲಿ ರಾಗಿ ಸಿಗಾಕಿಲ್ವಂತೆ. ದಿನಾ ಬೆಳಿಗ್ಗೆ ಒಂದಿಡಿ ತಿನ್ಕೊ. ನಿಂದು ಕಣ್ಣಿನ್ ಕೆಲ್ಸ ಕಣವ್ವ,” ಎಂದ.

ವಿಮಾನ ನಿಲ್ದಾಣ

ಆ ಡಬ್ಬಿಯಿಂದ ನನ್ನ ಮೊದಲ ಪಜೀತಿ. ಹಾಲೆಂಡಿನಲ್ಲಿ ಇಳಿದ ಕೂಡಲೇ ಅಲ್ಲಿಯ ಅಧಿಕಾರಿ ಮುಚ್ಚಳ ತೆಗೆದು, ಕಂದು ಬಣ್ಣದ ಪುಡಿ ನೋಡಿ, ಮೂಸಿ, ಇನ್ನೊಬ್ಬನನ್ನು ಕರೆದ. ಇಬ್ಬರೂ ನನ್ನ ಮುಖ ನೋಡಿದರು. ರಾಗಿ ಎಂದರೆ ಅವರಿಗೆ ಏನು ಗೊತ್ತು? ಇದು ತಿನ್ನುವ ವಸ್ತು ಎಂದು ತೋರಿಸಲು ಧೈರ್ಯವಾಗಿ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಹುರಿಹಿಟ್ಟು ಬಾಯಲ್ಲಿಟ್ಟುಕೊಂಡು ಮಾತಾಡಬಾರದು ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವರು ಅದೇ ಹೊತ್ತಿಗೆ ಸರಿಯಾಗಿ ಪ್ರಶ್ನೆ ಕೇಳಿದರು. ನಾನು ಉತ್ತರಿಸಲು ಹೋಗಿ ಅವರ ಕರೀ ಕೋಟಿನ ಮೇಲೆಲ್ಲ ಪುಡಿ ಹಾರಿತು.

ಒಂದು ಕ್ಷಣ ನನ್ನನ್ನು ವಾಪಸು ಕಳಿಸುತ್ತಾರೆಂದೇ ತಿಳಿದೆ. ಮುಚ್ಚಳ ತೆಗೆದಾತ ಕೋಟು ಕೊಡವಿಕೊಂಡು ನಕ್ಕುಬಿಟ್ಟ. ಒಂದು ಲೋಟ ನೀರು ತರಿಸಿಕೊಟ್ಟು, ಹೋಗಮ್ಮ ಎನ್ನುವಂತೆ ಕೈ ಬೀಸಿದ.

ಮಾರೈಕೆ ಅಜ್ಜಿಯ ಮನೆ

ನನಗೆ ಕೋಣೆ ಕೊಟ್ಟಿದ್ದು ಮಾರೈಕೆ ಎಂಬ ಅಜ್ಜಿ. ರೈತರ ಮನೆಯಲ್ಲಿ ಹುಟ್ಟಿ ಬೆಳೆದಾಕೆ, ಗಂಡ ತೀರಿಕೊಂಡ ಮೇಲೆ ಊರೊಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಗಿರಿಜಾ ಎಂಬ ನನ್ನ ಹೆಸರು ಅವರ ಬಾಯಲ್ಲಿ ‘ಖಿರಿಯಾ’ ಆಯಿತು. ನಾನೂ ಅವರ ಹೆಸರನ್ನು ಇನ್ನೇನು ಮಾಡಿದ್ದೆನೋ, ಇಬ್ಬರೂ ತಕರಾರು ತೆಗೆಯಲಿಲ್ಲ.

ಮೊದಲ ದಿನ ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬ ನನ್ನ ಮುಂದೆ ಹಿಡಿದರು. ಒಂದು ತೆಗೆದುಕೊಂಡೆ. ಟಪ್ ಎಂದು ಮುಚ್ಚಳ ಹಾಕಿ ಡಬ್ಬ ಬೀರುವಿಗೆ ಹೋಯಿತು. ನಮ್ಮಲ್ಲಿ ‘ಇನ್ನೊಂದು, ಇನ್ನೊಂದೇ ಒಂದು’ ಎಂದು ಬಲವಂತ ಮಾಡಿ, ತಿನ್ನದಿದ್ದರೆ ಮುನಿಸಿಕೊಂಡು, ಹೊರಡುವಾಗ ಕೈಗೆ ಕಟ್ಟಿಕೊಡುವವರ ನಡುವೆ ಬೆಳೆದ ನನಗೆ ನಾನೇನು ತಪ್ಪು ಮಾಡಿದೆ ಎನಿಸಿತು. ಆಮೇಲೆ ನೋಡಿದರೆ ಅವರ ಸ್ವಂತ ತಂಗಿ ಬಂದಾಗಲೂ ಒಂದೇ ಬಿಸ್ಕತ್ತು. ಅದು ಜಿಪುಣತನವಲ್ಲ, ಆ ದೇಶದ ಪದ್ಧತಿ. ಅದೇ ಅಜ್ಜಿ ನನಗೆ ಚಳಿ ತಡೆಯದೆಂದು ತಮ್ಮ ಉಣ್ಣೆಯ ಕೋಟನ್ನೂ ಹಳೆಯ ಸೈಕಲ್ಲನ್ನೂ ಕೇಳದೆಯೇ ಕೊಟ್ಟರು.

ಇನ್ನೊಂದು ಪದ್ಧತಿ, ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಊಟದ ಮೇಜು, ಸೋಫಾ, ಬೆಕ್ಕು ಎಲ್ಲ ಕಾಣುತ್ತದೆ. ಮುಚ್ಚಿಡುವುದೇನಿದೆ ಎಂಬ ಧೋರಣೆ. ಮಾತೂ ಹಾಗೆಯೇ ಎಂದು ತರಗತಿಗೆ ಹೋದ ಮೇಲೆ ಗೊತ್ತಾಯಿತು.

ತರಗತಿ

ನಮ್ಮ ಮೇಷ್ಟ್ರ ಹೆಸರು ವಿಲ್ಲೆಮ್. ಬಿದಿರು ಗಳುವಿನಷ್ಟು ಎತ್ತರ. ಸರ್ ಎಂದರೆ ಸಿಡಿಮಿಡಿಗೊಳ್ಳುತ್ತಿದ್ದರು, ಹೆಸರು ಹಿಡಿದೇ ಕರೆಯಬೇಕು. ಹಾಸನದ ಕಚೇರಿಯಲ್ಲಿ ಕೆಲಸ ಸರಿಯಿಲ್ಲದಿದ್ದರೆ ‘ನೋಡೋಣ ಬಿಡಿ’ ಎನ್ನುತ್ತಾರೆ, ಮನೆಗೆ ಹೋಗಿ ಯೋಚಿಸಿದ ಮೇಲೆ ಬೈದಿದ್ದು ತಿಳಿಯುತ್ತದೆ. ವಿಲ್ಲೆಮ್ ಪರದೆಯ ಹತ್ತಿರ ಬಗ್ಗಿ, “ಇದು ತಪ್ಪು,” ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು.

ನಾನು ತೆಗೆದುಕೊಂಡು ಹೋಗಿದ್ದು ನಮ್ಮ ಕಡೆಯ ಏಪ್ರಿಲ್ ತಿಂಗಳ ಚಿತ್ರ. ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಮೇಲೆ ನಮ್ಮ ಒಕ್ಕುವ ಕಣದಷ್ಟು ಜಾಗ. ಸುಟ್ಟ ನೆಲ ಹೇಗಿರುತ್ತದೆಂದು ಮಲ್ಲಿಪಟ್ಟಣದ ಗುಡ್ಡ ತೋರಿಸಿ ಕಂಪ್ಯೂಟರಿಗೆ ಕಲಿಸಿದೆ. ಇಂಥದ್ದು ಇನ್ನೆಲ್ಲೆಲ್ಲಿ ಇದೆ ಹುಡುಕು ಎಂದೆ. ಅದು ಹುಡುಕಿ ಕೊಟ್ಟಿತು. ಗುಡ್ಡದ ಕರಿ ಮಚ್ಚೆಗಳು ಸರಿಯಾಗಿಯೇ ಬಂದಿದ್ದವು. ಆದರೆ ಚನ್ನರಾಯಪಟ್ಟಣ ತಾಲ್ಲೂಕಿನ ತುಂಬ, ನಮ್ಮ ದಂಡಿಗನಹಳ್ಳಿಯ ಸುತ್ತಲೂ, ಎಳ್ಳು ಚೆಲ್ಲಿದ ಹಾಗೆ ಕರಿ ಚುಕ್ಕೆ. ಕಾಡೇ ಇಲ್ಲದ ಬಯಲು ಗುಡ್ಡಕ್ಕಿಂತ ಹೆಚ್ಚು ಸುಟ್ಟಿದೆ ಎಂದು ಕಂಪ್ಯೂಟರ್ ಹೇಳುತ್ತಿತ್ತು. ಈ ನಕ್ಷೆ ಹಿಡಿದು ಹೋದರೆ ಅಧಿಕಾರಿ ಕಾವಲಿನವರನ್ನು ನಮ್ಮೂರ ಕೆರೆ ಏರಿಯ ಮೇಲೆ ಕೂರಿಸಬೇಕಾಗುತ್ತಿತ್ತು.

ವಿಲ್ಲೆಮ್ ಬಂದು ನೋಡಿದರು. “ನಿಮ್ಮ ರೈತರು ಕೊಯ್ಲಾದ ಮೇಲೆ ಹುಲ್ಲು ಸುಡುತ್ತಾರೆ. ಹಾಗೆಂದು ಬರೆದುಬಿಡು.”

“ರಾಗಿ ಹುಲ್ಲನ್ನೇ? ನಮ್ಮಲ್ಲಿ ಯಾರೂ ಸುಡುವುದಿಲ್ಲ. ದನಕ್ಕೆ ಮೆದೆ ಹಾಕುತ್ತೇವೆ.”

“ಹಾಗಾದರೆ ಈ ಕಪ್ಪು ಏನು?”

ಕಣ್ಣಾರೆ ಕಂಡಿದ್ದೇನೆ ಎನ್ನೋಣವೆಂದರೆ, ನಾನು ನೆಲದ ಮೇಲೆ ಹೋಗಿ ಪರೀಕ್ಷೆ ಮಾಡಿದ್ದು ಮಳೆ ಬಿದ್ದ ಮೇಲೆ, ಆಗ ಎಲ್ಲ ಉತ್ತು ಬಿತ್ತಿ ಹಸಿರಾಗಿತ್ತು.

“ಏನು ಅಲ್ಲ ಎಂದು ಹೇಳಿದರೆ ಸಾಲದು ಖಿರಿಯಾ. ಏನು ಎಂದು ಹೇಳಬೇಕು. ಇಲ್ಲದಿದ್ದರೆ ಗುಡ್ಡದ ಕಪ್ಪನ್ನೂ ನಾನು ನಂಬುವುದಿಲ್ಲ.”

ಸಿಟ್ಟು ನೆತ್ತಿಗೇರಿತು. ಒಂದು ಮೆದೆ ರಾಗಿ ಹುಲ್ಲಿದ್ದರೆ ಬೇಸಿಗೆ ದಾಟುತ್ತದೆ ಎಂದು ಬದುಕುವ ಜನಕ್ಕೆ ಹುಲ್ಲು ಸುಡುವವರೆಂದು ಹೆಸರಿಡುವುದೇ? ಅವ್ವ ಕೇಳಿದ್ದರೆ ವಿಲ್ಲೆಮ್ಮರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಹಸುವಿನ ಮುಂದೆ ನಿಲ್ಲಿಸಿರುತ್ತಿದ್ದಳು. ಆದರೆ ಆ ಮನುಷ್ಯ ಹೇಳಿದ್ದು ನ್ಯಾಯವಾಗಿಯೇ ಇತ್ತು, ಅದೇ ಇನ್ನೂ ಉರಿಯುತ್ತಿತ್ತು. ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು. ದಿನಾ ಬೆಳಿಗ್ಗೆ ಒಂದು ಹಿಡಿ ಹುರಿಹಿಟ್ಟು ತಿಂದು ಪರದೆಯ ಮುಂದೆ ಕೂರುವೆ, ಚುಕ್ಕೆಗಳು ನನ್ನನ್ನೇ ನೋಡುವವು.

ಭಾನುವಾರ, ಕಾಲುವೆ ದಾರಿ

ಆ ಭಾನುವಾರ ತಲೆ ಕೆಟ್ಟು ಸೈಕಲ್ ಹತ್ತಿ ಊರಾಚೆ ಹೊರಟೆ. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಕಲಿತವಳು, ನನಗೇನು ಭಯ? ಎರಡೂ ಕಡೆ ಹುಲ್ಲುಗಾವಲು. ಹೊಲಕ್ಕೂ ಹೊಲಕ್ಕೂ ನಡುವೆ ನಮ್ಮಲ್ಲಿ ಬದು ಇರುವ ಹಾಗೆ ಅಲ್ಲಿ ಸಣ್ಣ ನೀರಿನ ಕಾಲುವೆ. ಹಸುಗಳು ನಮ್ಮ ಎಮ್ಮೆಗಿಂತ ದಪ್ಪ, ಕೂಗುವವರಿಲ್ಲ, ಕಾಯುವವರಿಲ್ಲ. ಎದುರು ಗಾಳಿ ಎಷ್ಟಿತ್ತೆಂದರೆ ಇಳಿಜಾರಿಲ್ಲದ ದೇಶದಲ್ಲೂ ಏರು ತುಳಿದಂತಾಗುತ್ತಿತ್ತು.

ತಿರುವಿನಲ್ಲಿ ಅಡ್ಡ ಒಂದು ಬಾತುಕೋಳಿ ಸಂಸಾರ. ಬ್ರೇಕ್ ಹಿಡಿಯಲು ಹ್ಯಾಂಡಲ್ ತಡಕಿದೆ. ಅಲ್ಲಿ ಬ್ರೇಕೇ ಇಲ್ಲ! ಆ ಸೈಕಲ್ಲುಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್. ಅಜ್ಜಿ ಹೇಳಿಯೂ ಇದ್ದರು. ಅಪಾಯದಲ್ಲಿ ಕೈಕಾಲಿಗೆ ನೆನಪಾಗುವುದು ಹಾಲೆಂಡಲ್ಲ, ದಂಡಿಗನಹಳ್ಳಿ. ನಾನು ‘ಅವ್ವಾ’ ಎಂದು ಕೂಗಿ, ಬಾತುಕೋಳಿಗಳನ್ನು ತಪ್ಪಿಸಿ, ದಾರಿ ಬಿಟ್ಟು, ಕಾಲುವೆ ಪಕ್ಕದ ಹೊಲದೊಳಕ್ಕೆ ಹಾರಿ ಮುಖ ಅಡಿಯಾಗಿ ಬಿದ್ದೆ.

ಪೆಟ್ಟಾಗಲಿಲ್ಲ. ಬಿದ್ದಿದ್ದು ಬೆಣ್ಣೆಯಂಥ ಕರೀ ಕೆಸರಿನ ಮೇಲೆ. ಮೊಣಕೈವರೆಗೆ ಹೂತುಹೋಯಿತು. ಮೂಗಿನ ತುಂಬ ವಾಸನೆ. ಕೊಳೆತ ಜೊಂಡು, ಮೀನು, ಚಿಪ್ಪು, ತಣ್ಣನೆಯ ಮಣ್ಣು. ಆ ವಾಸನೆ ನನಗೆ ಗೊತ್ತಿತ್ತು! ಬೇಸಿಗೆ ರಜದಲ್ಲಿ ನಮ್ಮೂರ ಕೆರೆ ಬತ್ತಿದಾಗ ಕೆರೆಯಂಗಳ ಬಿರಿದು, ಗಾಡಿಗಳು ಸಾಲುಗಟ್ಟಿ ಇಳಿದು, ಕೆರೆಯ ಹೂಳು ತುಂಬಿಕೊಂಡು ಬಂದು ಹೊಲಕ್ಕೆ ಸುರಿಯುತ್ತಿದ್ದವಲ್ಲ, ಆ ವಾಸನೆ. ನಾವು ಮಕ್ಕಳು ಅದರ ಗುಪ್ಪೆಗಳ ಮೇಲೆ ಉರುಳಾಡಿ ಬೈಸಿಕೊಳ್ಳುತ್ತಿದ್ದೆವಲ್ಲ, ಅದೇ. ಕೆಮ್ಮಣ್ಣಿನ ಹೊಲದ ಮೇಲೆ ಹರಡಿದ ಕರೀ ಗೋಡು!

ಕೆಸರಲ್ಲಿ ಕೂತೇ, “ಗೋಡು! ಗೋಡು ಕಣ್ಲಾ ಅದು!” ಎಂದು ಕಿರುಚಿದೆ. ಕೇಳಿಸಿಕೊಂಡಿದ್ದು ಬಾತುಕೋಳಿಗಳು ಮಾತ್ರ. ಏಪ್ರಿಲ್ ಎಂದರೆ ಗೋಡು ಹೊಡೆಯುವ ಕಾಲ. ಮಳೆ ಬಿದ್ದ ಮೇಲೆ ಉತ್ತರೆ ಅದು ಮಣ್ಣಲ್ಲಿ ಬೆರೆತುಹೋಗುತ್ತದೆ. ಆಕಾಶದಿಂದ ನೋಡಿದ ಕಂಪ್ಯೂಟರಿಗೆ ಬೂದಿಯೂ ಒಂದೇ, ಗೋಡೂ ಒಂದೇ.

ಮನೆಗೆ ಬಂದಾಗ ಮಾರೈಕೆ ಅಜ್ಜಿ ಬಾಗಿಲಲ್ಲೇ ತಡೆದರು. ಮೊದಲು ಹೌಹಾರಿ, ನಾನು ನಗುತ್ತಿರುವುದನ್ನು ಕಂಡು ಕ್ಯಾಮೆರಾ ತಂದರು. ಆ ಫೋಟೋ ಅವರು ತೆಗೆದದ್ದು. ಆಮೇಲೆ ಗಿಡಕ್ಕೆ ನೀರು ಬಿಡುವ ಪೈಪು ಹಿಡಿದು, ಎತ್ತಿನ ಮೈ ತೊಳೆಯುವ ಹಾಗೆ ನನ್ನನ್ನು ತೊಳೆದರು. ತೊಳೆಯುತ್ತ, ಚಳಿಗಾಲಕ್ಕೆ ಮುಂಚೆ ಪ್ರತಿಯೊಬ್ಬ ರೈತನೂ ತನ್ನ ಪಾಲಿನ ಕಾಲುವೆಯ ಹೂಳೆತ್ತಲೇಬೇಕು, ಎತ್ತಿದ್ದನ್ನು ಹುಲ್ಲಿನ ಮೇಲೆ ಹರಡಬೇಕು, ಊರಿನವರು ಬಂದು ನೋಡಿಕೊಂಡು ಹೋಗುತ್ತಾರೆ ಎಂದು ತಮ್ಮ ಅಪ್ಪನ ಕಾಲದ ಕಥೆ ಹೇಳಿದರು. ಹಲ್ಲು ಕಟಕಟ ಎನ್ನುತ್ತಿದ್ದರೂ ನನಗೆ ಹಾಡು ಬರುವಷ್ಟು ಖುಷಿ.

ಫೋನ್ ಬೂತ್

ದಂಡಿಗನಹಳ್ಳಿಯಲ್ಲಿ ನಮ್ಮ ಮನೆಗೆ ಫೋನಿರಲಿಲ್ಲ. ಎಸ್‌ಟಿಡಿ ಬೂತಿಗೆ ಮಾಡಿ, ಅಪ್ಪನನ್ನು ಕರೆಸಿ ಎಂದು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದೆ.

“ಯಾಕವ್ವ, ಉಸಾರಿಲ್ವಾ?” ಅಪ್ಪ ಕಿರುಚಿದ ರಭಸಕ್ಕೆ ಫೋನಿಲ್ಲದೆಯೂ ಹಾಲೆಂಡಿಗೆ ಕೇಳುತ್ತಿತ್ತು.

“ಚೆನ್ನಾಗಿವ್ನಿ ಅಪ್ಪಾ. ಓದ್ ಬ್ಯಾಸ್ಗೇಲಿ ಕೆರೆ ಕೆಳ್ಗಿನ್ ಹೊಲಕ್ಕೆ ಗೋಡು ಒಡ್ಸಿದ್ಯಾ?”

ವಿದೇಶದಿಂದ ಇದನ್ನು ಕೇಳಲು ಫೋನು ಮಾಡುತ್ತಾರೆಯೇ ಎಂದು ಅಪ್ಪ ಯೋಚಿಸಿರಬೇಕು.

“ಒಡ್ಸಿದ್ದೆ ಕಣವ್ವ. ಇಡೀ ಹೊಲಕ್ಕೂ ಒಡ್ಸಿದ್ದೆ. ಯಾರೇನಂದ್ರು?”

“ಯಾರೂ ಏನೂ ಅನ್ನಿಲ್ಲ. ಊರಲ್ಲಿ ಇನ್ನೂ ಯಾರ್ ಯಾರು ಒಡುಸ್ದ್ರು?”

“ಕೆರೆ ಒಣ್ಗಿರೋ ಊರೋರೆಲ್ಲ ಒಡುಸ್ದ್ರು. ನೀರಿದ್ದೋರು ಎಲ್ಲಿಂದ ತಂದಾರು?”

ಆ ಕೊನೆಯ ಪ್ರಶ್ನೆಯನ್ನು ಅಪ್ಪ ಹಾಗೇ ಸುಮ್ಮನೆ ಹೇಳಿದ್ದು. ನಾನು ಅದನ್ನೇ ಹಿಡಿದು ಪರದೆಯ ಮುಂದೆ ಕುಳಿತೆ.

ಕೊನೆಯ ದಿನ

ಸಭಾಂಗಣದಲ್ಲಿ ಬೇರೆ ಬೇರೆ ದೇಶದ ಸಹಪಾಠಿಗಳು, ಮುಂದಿನ ಸಾಲಿನಲ್ಲಿ ವಿಲ್ಲೆಮ್. ನಾನು ರೇಷ್ಮೆ ಸೀರೆ ಉಟ್ಟು, ಕೆಳಗೆ ಅಜ್ಜಿಯ ಉಣ್ಣೆಯ ಕಾಲುಚೀಲ ಹಾಕಿಕೊಂಡು ನಿಂತೆ. ಮೊದಲು ಕೆರೆಗಳನ್ನಷ್ಟೇ ತೋರಿಸಿದೆ. ಆಮೇಲೆ ಅದರ ಮೇಲೆ ಕರಿ ಚುಕ್ಕೆಗಳನ್ನು ತಂದೆ. ಬತ್ತಿದ ಕೆರೆಗಳ ಸುತ್ತಲೂ ಎತ್ತಿನ ಗಾಡಿ ಹೋಗಿ ಬರುವಷ್ಟು ದೂರದಲ್ಲಿ ಚುಕ್ಕೆಗಳು ನೆರೆದಿದ್ದವು. ನೀರು ನಿಂತಿದ್ದ ಕೆರೆಗಳ ಸುತ್ತ ಒಂದೂ ಇರಲಿಲ್ಲ. ನಂತರ ಅದೇ ವರ್ಷದ ಜನವರಿಯ ಚಿತ್ರ ಹಾಕಿದೆ. ಆ ಹೊಲಗಳೆಲ್ಲ ಆಗಲೇ ಬೋಳು ಕೆಮ್ಮಣ್ಣು.

“ಇಲ್ಲಿ ಸುಡಲು ಏನಿತ್ತು?” ಎಂದು ಕೇಳಿದೆ. “ಬೆಂಕಿಗೆ ಹುಲ್ಲು ಬೇಕು. ಹುಲ್ಲು ಅಷ್ಟು ಹೊತ್ತಿಗೆ ನಮ್ಮ ಮೆದೆಯಲ್ಲಿತ್ತು.”

ಹೊಳೆನರಸೀಪುರದ ನಾಲೆ ಬಯಲಿನಲ್ಲಿ, ಹಳ್ಳಿಮೈಸೂರಿನ ಕಡೆ, ಕಬ್ಬಿನ ತರಗು ಸುಡುವುದುಂಟು. ಅದನ್ನು ಮರೆಮಾಚದೆ ಸುಟ್ಟ ನೆಲವೆಂದೇ ಬಿಟ್ಟಿದ್ದೆ. ಗೋಡಿನ ಹೊಲಗಳನ್ನು ಬೇರೆ ತೆಗೆದಾಗ ಪರದೆಯ ಮೇಲೆ ಮಲ್ಲಿಪಟ್ಟಣದ ಗುಡ್ಡಸಾಲು ಹಣೆಗೆ ಬೊಟ್ಟಿಟ್ಟ ಹಾಗೆ ಎದ್ದು ಕಂಡಿತು.

ವಿಲ್ಲೆಮ್ ಎದ್ದು ಬಂದರು. ಉದ್ದನೆಯ ಬೆರಳು ನಮ್ಮ ಹೊಲದ ಮೇಲೆ ಬಂದು ನಿಂತಿತು. “ಇದು ನಿನ್ನ ತಂದೆಯ ಹೊಲ. ಪೂರ್ತಿ ಕೆರೆ ಹೂಳು ಹಾಕಿಸಿದ್ದೇನೆ ಎಂದು ಅವರು ಹೇಳಿದರೆಂದು ನೀನೇ ಹೇಳಿದೆ. ಈ ಮೂಲೆಯಲ್ಲಿ ಕಪ್ಪಿಲ್ಲ. ತಪ್ಪು ಯಾರದು, ನಿನ್ನ ನಕ್ಷೆಯದೋ, ನಿನ್ನ ತಂದೆಯದೋ?”

ನಕ್ಷೆಯನ್ನು ಬಿಟ್ಟುಕೊಟ್ಟರೆ ಗುಡ್ಡ ಹೋಗುತ್ತದೆ. ಅಪ್ಪನನ್ನು ಬಿಟ್ಟುಕೊಟ್ಟರೆ ಅಪ್ಪ ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿದ್ದಾನೆ, ಕೇಳಿಸುವುದಿಲ್ಲ.

“ನನ್ನ ತಂದೆಯದು,” ಎಂದೆ. “ಆ ಮೂಲೆಗೆ ಹೋಗಲು ಗಾಡಿ ಕಷ್ಟ. ಎತ್ತು ಸುಸ್ತಾಗಿರಬೇಕು, ಅಪ್ಪ ಅವ್ವನಿಗೆ ಪೂರ್ತಿ ಆಯಿತೆಂದು ಹೇಳಿರಬೇಕು.”

ಮೊದಲು ಕೆಲವರು ನಕ್ಕರು, ಆಮೇಲೆ ಎಲ್ಲರೂ. ವಿಲ್ಲೆಮ್ ನಗಲಿಲ್ಲ. ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, “ಇದು ಸರಿ,” ಎಂದರು. ಆ ಮನುಷ್ಯನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. “ಈ ಬಣ್ಣಕ್ಕೆ ಏನು ಹೆಸರು ಬರೆಯೋಣ?”

“ಗೋಡು.”

ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಯಾರೂ ಕೇಳಲಿಲ್ಲ. ಕಾಡು, ನೀರು, ಸುಟ್ಟ ನೆಲ ಎಂಬ ಇಂಗ್ಲಿಷ್ ಹೆಸರುಗಳ ಕೆಳಗೆ ಅದನ್ನೂ ಹಾಗೆಯೇ ಅಚ್ಚು ಹಾಕಿದರು. ಆ ಸಂಜೆ ಮಾರೈಕೆ ಅಜ್ಜಿ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬ ಹಿಡಿದರು. ಒಂದು ತೆಗೆದುಕೊಂಡೆ. ಮುಚ್ಚಳ ಹಾಕಲಿಲ್ಲ. ಡಬ್ಬ ಮತ್ತೆ ನನ್ನ ಕಡೆಗೇ ಬಂತು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಮತ್ತೆ ದಂಡಿಗನಹಳ್ಳಿ

ಹಾಸನದ ಅಧಿಕಾರಿ ನಕ್ಷೆಯ ಮೊಹರು ನೋಡಿ, ಗುಡ್ಡದ ಮೇಲೆ ಬೆರಳಾಡಿಸಿ, “ಕೊಟ್ಟ ಮಾತು ಕೊಟ್ಟ ಹಾಗೆ ಮೇಡಮ್,” ಎಂದರು. ಬೇಸಿಗೆ ಶುರುವಾಗುವ ಮುಂಚೆಯೇ ಕಪ್ಪು ತೋರಿಸಿದ್ದ ಕಡೆಗಳಲ್ಲೆಲ್ಲ ಒಣಹುಲ್ಲು ಕೆರೆದು ಬೆಂಕಿ ದಾಟದಂತೆ ಅಗಲವಾದ ಪಟ್ಟಿ ಮಾಡಿಸಿ, ಕಾವಲು ಹಾಕಿದರು.

ಇನ್ನೊಂದು ಪ್ರತಿ ಊರಿಗೆ ತಂದೆ. ಜಗಲಿಯ ಮೇಲೆ ಹರಡಿದಾಗ ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದ. ನಾನು ಬಣ್ಣಗಳ ಹೆಸರು ಓದಿ ಹೇಳಿದೆ.

“ಗೋಡು ಅಂತ್ಲೇ ಆಕವ್ರಾ?”

“ಅಂಗೇ ಆಕವ್ರೆ.”

ಅಪ್ಪ ಆ ಅಕ್ಷರಗಳ ಮೇಲೆ ಹೆಬ್ಬೆರಳಿಟ್ಟು ಒರೆಸಿ ನೋಡಿದ. ಆಮೇಲೆ ಕೆರೆ ಹುಡುಕಿದ, ಕೆರೆಯಿಂದ ತೂಬು, ತೂಬಿನಿಂದ ನಮ್ಮ ಹೊಲ. ಅವನ ಬೆರಳು ಮೂಲೆಗೆ ಬಂದು ನಿಂತಿತು. ಅವ್ವನೂ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.

“ನೋಡ್ದಾ? ನಾನ್ ಅವತ್ತೇ ಅನ್ನಿಲ್ವಾ, ಆ ಮೂಲೆ ಬುಟ್ಬುಟ್ಟವ್ರೆ ಅಂತ!” ಎಂದಳು. “ಆಕಾಸದಲ್ಲಿ ಓಗೋದ್ಕೂ ಗೊತ್ತಾಗ್ತದೆ, ನನ್ಗೆ ಸುಳ್ಳೇಳ್ತಾರೆ.”

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ತುಂಬ ಹೊತ್ತು ಒರೆಸಿದ. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: “ಅದು ಮತ್ ಯಾವಾಗ್ ಬತ್ತದವ್ವ ಮ್ಯಾಲೆ?”

ಮುಂದಿನ ಏಪ್ರಿಲ್ಲಿನ ಚಿತ್ರ ಕಚೇರಿಗೆ ಬಂದ ದಿನ ನಾನು ಬಾಗಿಲು ಹಾಕಿಕೊಂಡು ಕೂತೆ. ಮೊದಲು ಮಲ್ಲಿಪಟ್ಟಣದ ಆಚೆ ಹೋದೆ. ಗುಡ್ಡಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ, ಮತ್ತೆ ಆ ತುದಿಯಿಂದ ಈ ತುದಿಗೆ. ಒಂದು ಚುಕ್ಕೆ ಕಪ್ಪಿರಲಿಲ್ಲ. ಕುರ್ಚಿಯಲ್ಲೇ ಕೂತು ನಕ್ಕೆ, ಸ್ವಲ್ಪ ಅತ್ತೆ. ಆಮೇಲೆ ದಂಡಿಗನಹಳ್ಳಿಗೆ ಬಂದೆ. ಕೆರೆ, ತೂಬು, ನಮ್ಮ ಹೊಲ. ಬಿಟ್ಟುಹೋಗಿದ್ದ ಆ ಮೂಲೆ ಕಾಡಿಗೆ ತೀಡಿದ ಹಾಗೆ ಕರ್ರಗಿತ್ತು.